ಕಣ್ಣಲ್ಲೊಂದು ಬಿಡಾರ

ಡಾಕ್ಟರು: ಸರ್, ಈ ಫೋಟೋ ಒಮ್ಮೆ ನೋಡಿ. ಗ್ರೀನ್‌ಲ್ಯಾಂಡ್ ಶಾರ್ಕ್ ಅಂತ ಕೆಳಗೆ ಬರೆದಿದ್ದಾರೆ. ಕಣ್ಣಿನ ಮಧ್ಯದಿಂದಲೇ ಬಿಳಿಚಿಕೊಂಡದ್ದೇನೋ ನೇತಾಡ್ತಾ ಉಂಟಲ್ಲ, ಎಂತದು? ಗಾಳದ ದಾರ ಸಿಕ್ಕಿಕೊಂಡದ್ದಾ?

ಮೇಷ್ಟ್ರು: ದಾರಕ್ಕೆ ಮೊಟ್ಟೆಚೀಲ ಇರ್ತದಾ ಮಾರಾಯ್ತಿ? ಜೀವ ಇರುವಂಥದ್ದು ಅದು, ಹೆಣ್ಣು. ಹೆಸರು ಒಮ್ಮಟೊಕೊಯಿಟಾ ಎಲೊಂಗಾಟಾ. ಸಿಗಡಿ, ಏಡಿಗಳ ದೊಡ್ಡ ಕುಟುಂಬದ್ದೇ. ಅದರಲ್ಲಿ ಕೋಪೆಪಾಡ್ ಅನ್ನುವ ಪಂಗಡ. ಕೋಪೆಪಾಡ್‌ಗಳಲ್ಲಿ ಬಹಳಷ್ಟು ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ನೀರಲ್ಲಿ ಈಜಿಕೊಂಡು ಇರ್ತವೆ. ಇವಳು ಮಾತ್ರ ಮೂರರಿಂದ ಐದು ಸೆಂಟಿಮೀಟರ್‌ವರೆಗೆ ಬೆಳೆದು, ಈಜುವುದನ್ನೇ ಬಿಟ್ಟು, ಶಾರ್ಕ್ ಕಣ್ಣಲ್ಲಿ ಬಿಡಾರ ಹೂಡಿದವಳು. ಹಿಂದೆ ಎರಡು ಉದ್ದ ಚೀಲ ಇಳಿಬಿದ್ದಿದೆಯಲ್ಲ, ಅದರ ತುಂಬ ಮೊಟ್ಟೆ. ಗಂಡು ಬಹಳ ಸಣ್ಣದು, ಈ ಫೋಟೋದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಡಾಕ್ಟರು: ಹಿಡಿದುಕೊಳ್ಳುವುದು ಹೇಗೆ? ಕಾರ್ನಿಯಾದಲ್ಲಿ ಹಿಡಿತ ಅಂತ ಸಿಗುವುದೇ ಇಲ್ಲ ಸರ್. ನುಣ್ಣಗಿನ ಜಾಗ.

ಮೇಷ್ಟ್ರು: ಮೈಯಿಂದ ಎರಡು ತೋಳು ಮುಂದಕ್ಕೆ ಚಾಚಿ ತುದಿಯಲ್ಲಿ ಒಂದಾಗ್ತವೆ. ಆ ತುದಿಯಲ್ಲೊಂದು ಗಟ್ಟಿ ಉಂಡೆ. ಬುಲ್ಲಾ ಅಂತ ಹೇಳ್ತಾರೆ. ಅದನ್ನು ಕಾರ್ನಿಯಾದ ಒಳಗೆ ಹೂತಿಡ್ತದೆ. ಅಂಗಿಯ ಗುಂಡಿ ಕಾಜಾದೊಳಗೆ ತೂರಿ ಅಡ್ಡ ನಿಂತ ಹಾಗೆ, ಎಳೆದರೆ ಬರುವುದಿಲ್ಲ. ಒಮ್ಮೆ ಹೂತ ಮೇಲೆ ಸಾಯುವವರೆಗೂ ಅಲ್ಲೇ. ತೋಳು ಉದ್ದ ಇರುವ ಕಾರಣ ತಲೆ ಮಾತ್ರ ಆಚೀಚೆ ಆಡ್ತದೆ. ಸುತ್ತಲಿನ ಕಾರ್ನಿಯಾದ ಮೇಲ್ಪದರವನ್ನು ಕೆರೆದು ತಿನ್ನುವುದೇ ಅದರ ಊಟ.

ಡಾಕ್ಟರು: ಕೇಳುವಾಗಲೇ ನನ್ನ ಕಣ್ಣಲ್ಲಿ ನೀರು ಬರ್ತಾ ಉಂಟು. ಕಾರ್ನಿಯಾದಲ್ಲಿ ಇರುವಷ್ಟು ನರದ ತುದಿಗಳು ಮೈಯಲ್ಲಿ ಬೇರೆಲ್ಲೂ ಇಲ್ಲ. ಭತ್ತ ತೂರುವಾಗ ಒಂದು ಹೊಟ್ಟು ಕಣ್ಣಿಗೆ ಬಿದ್ದರೆ ಜನ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಲ್ಲಿ ಕೂತಿರ್ತಾರೆ. ಇದರಿಂದ ಹಾನಿ ಎಷ್ಟು?

ಮೇಷ್ಟ್ರು: ಡಾಕ್ಟರು ಅಂದ ಮೇಲೆ ಮೊದಲು ಕೇಳುವುದೇ ಹಾನಿ ಎಷ್ಟು ಅಂತ. ಆಗ್ತದೆ. 1998ರಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವರು ವಿವರವಾಗಿ ಬರೆದಿದ್ದಾರೆ. ಹುಣ್ಣು, ಉರಿಯೂತ, ಮಬ್ಬಾದ ಕಾರ್ನಿಯಾ. ದೃಷ್ಟಿ ತೀರಾ ಕಡಿಮೆಯಾಗಬಹುದು ಅಂದರು. ಅದರ ಜೊತೆಗೇ ಇನ್ನೊಂದು ಮಾತು ಹೇಳಿದರು: ಇದರಿಂದ ಶಾರ್ಕ್‌ನ ಬದುಕು ಕೆಟ್ಟ ಹಾಗೆ ಕಾಣುವುದಿಲ್ಲ ಅಂತ. ಕೆಲವು ಕಡೆ ಹಿಡಿದ ಶಾರ್ಕ್‌ಗಳಲ್ಲಿ ಬಹುಪಾಲು ಇದನ್ನು ಕಣ್ಣಲ್ಲಿಟ್ಟುಕೊಂಡೇ ದೊಡ್ಡದಾಗಿ ಬೆಳೆದಿರ್ತವೆ. ಕುರುಡು ಅನ್ನುವುದಾದರೆ, ಈ ಕುರುಡರು ಭಾರೀ ಸುಖವಾಗಿದ್ದಾರೆ.

ಡಾಕ್ಟರು: ಕುರುಡು ಅಂತ ಅಷ್ಟು ಬೇಗ ಹೇಳಲಿಕ್ಕಾಗುವುದಿಲ್ಲ ಸರ್. ಕಾರ್ನಿಯಾ ಪೂರ್ತಿ ಬೆಳ್ಳಗಾದ ರೋಗಿಯೂ ಕಿಟಕಿ ಯಾವ ಕಡೆ ಉಂಟು, ಎದುರಿಗೆ ಯಾರೋ ದಾಟಿ ಹೋದರು ಅನ್ನುವುದನ್ನೆಲ್ಲ ಹೇಳ್ತಾರೆ. ಹಿಂದೆ ರೆಟಿನಾ ಹೇಗಿದೆ ಅಂತ ನೋಡಬೇಕು. ಅದು ಸರಿ ಇದ್ದರೆ ಕಣ್ಣು ಸತ್ತಿಲ್ಲ ಅಂತ ಲೆಕ್ಕ.

ಮೇಷ್ಟ್ರು: ಇದನ್ನು ಇನ್ನೂರು ವರ್ಷ ಮೊದಲು ಒಬ್ಬ ಕಣ್ಣಿನ ಡಾಕ್ಟರು ಹೇಳಿದ್ದರೆ ಎಷ್ಟೋ ಕತೆ ಹುಟ್ಟುತ್ತಲೇ ಇರಲಿಲ್ಲ. ವಿಲಿಯಂ ಸ್ಕೋರ್ಸ್‌ಬಿ ಅಂತ ಇಂಗ್ಲೆಂಡಿನ ತಿಮಿಂಗಿಲ ಬೇಟೆಗಾರ. ಉತ್ತರ ಧ್ರುವದ ಸಮುದ್ರಗಳ ಬಗ್ಗೆ 1820ರಲ್ಲಿ ದೊಡ್ಡ ಪುಸ್ತಕ ಬರೆದವನು. ಈ ಶಾರ್ಕ್ ಕಣ್ಣಿಂದ ಇಂಚು ಎರಡಿಂಚು ಉದ್ದದ್ದೇನೋ ಇಳಿಬಿದ್ದಿರ್ತದೆ ಅಂತ ಅದರಲ್ಲಿ ಬರೆದಿದ್ದಾನೆ. ಇದು ಕುರುಡು ಮೀನು ಅಂತ ನಾವಿಕರು ನಂಬಿದ್ದಾರೆ ಅನ್ನುವುದನ್ನೂ ಬರೆದಿದ್ದಾನೆ. ಯಾಕೆ ನಂಬಿದರು? ಮನುಷ್ಯ ಪಕ್ಕದಲ್ಲಿದ್ದರೂ ಅದಕ್ಕೆ ಲಕ್ಷ್ಯ ಇಲ್ಲ, ಚೂರಿ ಬೀಸಿದರೂ ಹಿಂದೆ ಸರಿಯುವುದಿಲ್ಲ, ಅದಕ್ಕೆ. ಕೊಂದ ತಿಮಿಂಗಿಲದ ಕೊಬ್ಬು ಕಣ್ಣೆದುರು ಇರುವಾಗ ಅದು ಮನುಷ್ಯನನ್ನು ಯಾಕೆ ನೋಡಬೇಕು ಅಂತ ಒಬ್ಬನೂ ಕೇಳಲಿಲ್ಲ.

ಡಾಕ್ಟರು: ಮದುವೆ ಮನೆ ಪಂಕ್ತಿಯಲ್ಲಿ ನಮ್ಮನ್ನು ಯಾರು ನೋಡ್ತಾರೆ, ಅಲ್ಲವಾ?

ಮೇಷ್ಟ್ರು: ಹಾಂ. ಏಳು ವರ್ಷ ಬಿಟ್ಟು, 1827ರಲ್ಲಿ, ಇದಕ್ಕೊಂದು ಶಾಸ್ತ್ರೀಯ ವಿವರಣೆ ಬಂತು. ಬರೆದದ್ದು ಎಡಿನ್‌ಬರೋದ ರಾಬರ್ಟ್ ಗ್ರಾಂಟ್. ಆ ಹೊತ್ತಿಗೆ ಅವನ ಜೊತೆ ಸಮುದ್ರದಂಡೆಯಲ್ಲಿ ಹುಳಹುಪ್ಪಟೆ ಹೆಕ್ಕಿಕೊಂಡು ತಿರುಗುತ್ತಿದ್ದ ಒಬ್ಬ ಹದಿನೆಂಟರ ಹುಡುಗ ಇದ್ದ, ಡಾಕ್ಟರಿಕೆ ಓದಲಿಕ್ಕೆ ಅಂತ ಬಂದು ಅದರಲ್ಲಿ ಮನಸ್ಸಿಲ್ಲದವನು. ಚಾರ್ಲ್ಸ್ ಡಾರ್ವಿನ್. ಅವನ ಹೆಸರನ್ನು ನೆನಪಲ್ಲಿಟ್ಟುಕೋ, ಆಮೇಲೆ ಬೇಕು.

ಡಾಕ್ಟರು: ಇದು ಹೊಳೆಯುತ್ತದೆ, ಆ ಬೆಳಕಿಗೆ ಮೀನುಗಳು ಬಂದು ಶಾರ್ಕ್ ಬಾಯಿಗೆ ಬೀಳ್ತವೆ ಅಂತ ಎಲ್ಲೋ ಓದಿದ ನೆನಪು. ಕಣ್ಣು ಕೊಟ್ಟು ಊಟ ತೆಗೆದುಕೊಂಡ ಹಾಗೆ.

ಮೇಷ್ಟ್ರು: ಅದಕ್ಕೆ ಮೂಲ 1961ರ ಒಂದು ಸಣ್ಣ ಬರಹ. ಬ್ಯೋರ್ನ್ ಬೆರ್ಲಂಡ್ ಅಂತ ನಾರ್ವೆಯ ಪರಾವಲಂಬಿ ತಜ್ಞ, ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು. ಇಷ್ಟು ನಿಧಾನದ ಶಾರ್ಕ್ ಹೊಟ್ಟೆಯಲ್ಲಿ ಚುರುಕು ಮೀನುಗಳು ಸಿಗ್ತವೆ. ಕಣ್ಣಲ್ಲಿ ನೇತಾಡುವ ಈ ಬಿಳಿಚು ಪ್ರಾಣಿ ಅವಕ್ಕೆ ಆಮಿಷ ಆಗ್ತದಾ, ಇಬ್ಬರಿಗೂ ಪರಸ್ಪರ ಲಾಭ ಉಂಟಾ ಅಂತ ಒಂದು ಊಹೆ ಮುಂದಿಟ್ಟ. ಊಹೆ ಅಂತಲೇ ಇಟ್ಟ, ಅದರಲ್ಲಿ ತಪ್ಪಿಲ್ಲ. ಮುಂದಿನವರು ಅದಕ್ಕೆ ಬೆಳಕು ಹಚ್ಚಿದರು. ಕತ್ತಲೆಯಲ್ಲಿ ಮಿನುಗುತ್ತದೆ ಅಂತ ಪುಸ್ತಕದಿಂದ ಪುಸ್ತಕಕ್ಕೆ, ಟಿವಿಯಿಂದ ಟಿವಿಗೆ ಸಾಗಿತು. ಅದು ಬೆಳಕು ಸೂಸುವುದನ್ನು ಯಾರೂ ತೋರಿಸಿಕೊಟ್ಟಿಲ್ಲ. ಚೆಂದದ ಕತೆ ಸಿಕ್ಕಿದರೆ ಸಾಕ್ಷಿ ಎಲ್ಲಿ ಅಂತ ಕೇಳಲಿಕ್ಕೆ ನಮಗೆ ಬಾಯಿ ಬರುವುದಿಲ್ಲ.

ಡಾಕ್ಟರು: ಹಾಗಾದರೆ ಅಷ್ಟು ನಿಧಾನದ ಪ್ರಾಣಿ ಬೇಟೆ ಆಡುವುದು ಹೇಗೆ?

ಮೇಷ್ಟ್ರು: 2012ರಲ್ಲಿ ಜಪಾನ್ ಮತ್ತು ನಾರ್ವೆಯ ವಿಜ್ಞಾನಿಗಳು ಸ್ವಾಲ್‌ಬಾರ್ಡ್ ಹತ್ತಿರ ಆರು ಶಾರ್ಕ್‌ಗಳಿಗೆ ಯಂತ್ರ ಕಟ್ಟಿ ವೇಗ ಅಳೆದರು. ಸರಾಸರಿ ಸೆಕೆಂಡಿಗೆ 0.34 ಮೀಟರ್. ಗಂಟೆಗೆ ಒಂದೂಕಾಲು ಕಿಲೋಮೀಟರ್ ಆಗ್ತದೆ. ನನ್ನ ಮಂಡಿನೋವಿನ ನಡಿಗೆಯೇ ಅದಕ್ಕಿಂತ ಜೋರು. ಆದರೂ ಹೊಟ್ಟೆಯಲ್ಲಿ ಸೀಲ್ ಸಿಗ್ತದೆ. ಅಲ್ಲಿಯ ಸೀಲ್‌ಗಳು ಹಿಮಕರಡಿಗೆ ಹೆದರಿ ನೀರಲ್ಲೇ ನಿದ್ದೆ ಮಾಡ್ತವೆ. ನಿದ್ದೆಯಲ್ಲಿದ್ದದ್ದನ್ನು ಸದ್ದಿಲ್ಲದೆ ಹೋಗಿ ಹಿಡಿಯುತ್ತದೆ ಅನ್ನುವುದು ಅವರ ಲೆಕ್ಕ. ಇದೂ ಕಣ್ಣಾರೆ ಕಂಡದ್ದಲ್ಲ. ಆದರೆ ಇದಕ್ಕೆ ಅಳತೆಯ ಆಧಾರ ಉಂಟು, ದೀಪ ಹಚ್ಚಬೇಕಾದ್ದಿಲ್ಲ. ಇನ್ನು ನೀನು ಕೇಳಿದ ರೆಟಿನಾ. ಇತ್ತೀಚೆಗೆ ಅದನ್ನೂ ನೋಡಿದರು. ನೂರು ವರ್ಷ ದಾಟಿದ ಶಾರ್ಕ್‌ಗಳಲ್ಲೂ ಪದರಗಳು ಕೆಡದೆ ಇದ್ದವು. ಇರುವುದೆಲ್ಲ ಮಂದ ಬೆಳಕಿನ ರಾಡ್ ಕೋಶಗಳು. ಅದರ ವರ್ಣದ್ರವ್ಯ ಆಳದ ನೀಲಿ ಬೆಳಕಿಗೆ ಹೊಂದಿಕೊಂಡಿದೆ. ಬಳಸದ ಕಣ್ಣಾದರೆ ಗುಹೆಯ ಮೀನಿನ ಹಾಗೆ ಕ್ಷೀಣಿಸಿ ಹೋಗಬೇಕಿತ್ತು.

ಡಾಕ್ಟರು: ನೂರು ವರ್ಷದ ರೆಟಿನಾ ಕೆಡದೆ ಇತ್ತಾ? ನಮ್ಮ ಜನಕ್ಕೆ ಅರವತ್ತಕ್ಕೇ ರೆಟಿನಾದ ನಡುವಿನ ಮ್ಯಾಕುಲಾ ಸವೆಯಲಿಕ್ಕೆ ಶುರುವಾಗ್ತದೆ. ಆದರೆ ವಯಸ್ಸು ಗೊತ್ತಾಗುವುದು ಹೇಗೆ ಸರ್? ಮೀನಿನ ವಯಸ್ಸು ಕಿವಿಯ ಮೂಳೆಯಲ್ಲಿ ಎಣಿಸ್ತಾರೆ ಅಂತ ನೀವೇ ಪಾಠ ಮಾಡಿದ್ದಿರಿ.

ಮೇಷ್ಟ್ರು: ಶಾರ್ಕ್‌ಗೆ ಅಂಥ ಮೂಳೆ ಇಲ್ಲ. ಕೆಲವು ಶಾರ್ಕ್‌ಗಳಲ್ಲಿ ಬೆನ್ನೆಲುಬಿನ ಮಣಿಗಳಲ್ಲೋ ರೆಕ್ಕೆಮುಳ್ಳಲ್ಲೋ ವರ್ಷದ ಗೆರೆ ಬೀಳ್ತದೆ, ಇದಕ್ಕೆ ಅದೂ ಇಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ನಿನ್ನ ಇಲಾಖೆಯಲ್ಲೇ, ಕಣ್ಣಿನ ಮಸೂರದಲ್ಲಿ.

ಡಾಕ್ಟರು: ಓಹೋ, ಗೊತ್ತಾಯ್ತು. ಮಸೂರದ ನಡುವಿನ ತಿರುಳು ಹುಟ್ಟುವ ಮೊದಲೇ ಆದದ್ದು. ಆಮೇಲೆ ಪದರದ ಮೇಲೆ ಪದರ ಬೆಳೀತಾ ಹೋಗ್ತದೆ, ಒಳಗಿನದ್ದು ಬದಲಾಗುವುದಿಲ್ಲ. ಮನುಷ್ಯರಲ್ಲೂ ಅಷ್ಟೇ. ಎಪ್ಪತ್ತು ವರ್ಷದ ಅಜ್ಜಿಗೆ ಪೊರೆ ಆಪರೇಷನ್ ಮಾಡುವಾಗ ನಾನು ಒಡೆದು ಹೀರಿ ತೆಗೆಯುವ ತಿರುಳು ಅವರ ತಾಯಿಯ ಹೊಟ್ಟೆಯಲ್ಲಿ ಆದದ್ದು. ಅದು ಪಂಪಿನ ಚೀಲಕ್ಕೆ ಹೋಗ್ತದೆ, ಅಜ್ಜಿ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತಾರೆ.

ಮೇಷ್ಟ್ರು: ಡೆನ್ಮಾರ್ಕಿನ ಯೂಲಿಯುಸ್ ನೀಲ್ಸೆನ್ ಮತ್ತು ಸಂಗಡಿಗರು ಆ ತಿರುಳನ್ನು ತೆಗೆದು ಅದರ ಇಂಗಾಲ–14 ಅಳೆದರು. 1950ರ ದಶಕದಿಂದ ಅರವತ್ತರ ಮೊದಲ ವರ್ಷಗಳವರೆಗೆ ಅಣುಬಾಂಬ್ ಪರೀಕ್ಷೆ ಮಾಡಿ ಮಾಡಿ ಗಾಳಿಯಲ್ಲಿ ಅದು ಏರಿತ್ತಲ್ಲ, ಆ ಗುರುತು ಸಮುದ್ರದ ಆಹಾರಕ್ಕೂ ಇಳಿಯಿತು. ತಿರುಳಲ್ಲಿ ಗುರುತಿದ್ದರೆ ಅದಾದ ಮೇಲೆ ಹುಟ್ಟಿದ್ದು, ಇಲ್ಲದಿದ್ದರೆ ಮೊದಲಿನದ್ದು. ಹೀಗೆ 28 ಹೆಣ್ಣು ಶಾರ್ಕ್‌ಗಳನ್ನು ನೋಡಿ, 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಅತಿ ದೊಡ್ಡದು 5.02 ಮೀಟರ್. ಅಂದಾಜು ವಯಸ್ಸು 392, ನೂರಿಪ್ಪತ್ತು ವರ್ಷ ಆಚೀಚೆ. ಕಡಿಮೆ ಅಂದರೂ 272. ಮರಿ ಹಾಕುವ ವಯಸ್ಸಿಗೆ ಬರಲಿಕ್ಕೇ ಸುಮಾರು ನೂರೈವತ್ತು ವರ್ಷ.

ಡಾಕ್ಟರು: ಹೊರಗಿನ ಪದರದಲ್ಲಿ ಇವಳು ಕೆರೀತಾ ಇದ್ದಾಳೆ, ಸ್ವಲ್ಪ ಒಳಗೆ ಇನ್ನೂರೈವತ್ತು ವರ್ಷದ ತಿರುಳು ಹಾಗೇ ಕೂತಿದೆ. ಹಾಗಿದ್ದರೆ ಸರ್, ಈ ಶಾರ್ಕ್ ನನ್ನ ಓಪಿಡಿಗೆ ಬಂದರೆ ನಾನು ಇವಳನ್ನು ತೆಗೆಯುವುದಿಲ್ಲ. ಉಂಡೆ ಕಾರ್ನಿಯಾದ ದಪ್ಪದೊಳಗೆ ಹೂತಿದೆ. ಎಳೆದರೆ ತೂತು ಬೀಳ್ತದೆ. ಆ ತಣ್ಣೀರಲ್ಲಿ, ಅಷ್ಟು ನಿಧಾನದ ಮೈಯಲ್ಲಿ, ಗಾಯ ಮಾಯಲಿಕ್ಕೆ ಎಷ್ಟು ಕಾಲ ಬೇಕೋ. ಆಯುಸ್ಸು ಮುಗಿದು ಅದು ತಾನಾಗಿ ಬೀಳಲಿ ಅಂತ ಬಿಡ್ತೇನೆ.

ಮೇಷ್ಟ್ರು: ಅದು ಬಿದ್ದರೆ ಇನ್ನೊಂದು ಬಂದು ಕೂತುಕೊಳ್ತದೆ. ನನಗೆ ಕುತೂಹಲ ಇರುವುದು ಅಲ್ಲೇ. ಹಾನಿ ಎಷ್ಟು ಅನ್ನುವುದು ನಿನ್ನ ಪ್ರಶ್ನೆ. ಅಲ್ಲಿಗೆ ಬಂದದ್ದು ಹೇಗೆ ಅನ್ನುವುದು ನನ್ನದು. ಮೊಟ್ಟೆ ಒಡೆದು ಬರುವ ಮರಿ ಒಂದು ಮಿಲಿಮೀಟರೂ ಇಲ್ಲ. ಹೊಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದಷ್ಟೇ ಅದರ ಶಕ್ತಿ. ಆ ಶಕ್ತಿ ತೀರುವುದರೊಳಗೆ, ಇಡೀ ಆರ್ಕ್ಟಿಕ್ ಸಮುದ್ರದಲ್ಲಿ ಆ ಜಾತಿಯ ಶಾರ್ಕ್ ಸಿಗಬೇಕು. ಸಿಕ್ಕಿದರೆ ಸಾಲದು, ಐದು ಮೀಟರ್ ಮೈಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಸಿಗಬೇಕು. ಸಿಕ್ಕಿದ ತಕ್ಷಣ ಹಣೆಯಿಂದ ಒಂದು ಎಳೆ ಹೊರಹಾಕಿ ಕಾರ್ನಿಯಾಕ್ಕೆ ಅಂಟಿಸಿಕೊಳ್ತದೆ. ಅದರಲ್ಲಿ ನೇತುಬಿದ್ದು ಬೆಳೆದು, ಆಮೇಲೆ ಉಂಡೆ ಹೂಳುವುದು.

ಡಾಕ್ಟರು: ವಿಳಾಸ ತಪ್ಪಿ ಬಂದದ್ದನ್ನು ನಾನು ನೋಡಿದ್ದೇನೆ. ಈ ಕರಾವಳಿಯಲ್ಲಿ ಕಣ್ಣಿನ ಡಾಕ್ಟರುಗಳಿಗೆಲ್ಲ ಅದು ಪರಿಚಯ ಉಂಟು. ಕಣ್ಣಲ್ಲಿ ಏನೋ ಹರಿದಾಡ್ತದೆ ಡಾಕ್ಟ್ರೇ ಅಂತ ಬರ್ತಾರೆ. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ, ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯ ಕೆಳಗೆ ಒಂದು ಹುಳ ಸುರುಳಿ ಸುತ್ತಿಕೊಂಡು ಹೊರಳ್ತಾ ಇರ್ತದೆ. ಡೈರೋಫಿಲೇರಿಯಾ. ನಾಯಿಯ ಹುಳ, ಸೊಳ್ಳೆ ತಂದು ಬಿಟ್ಟದ್ದು. ಬೆಳಕು ಬಿದ್ದರೆ ಒಳಗೆ ಜಾರುವ ಬುದ್ಧಿ ಅದಕ್ಕೆ, ಹಾಗಾಗಿ ತಡ ಮಾಡುವ ಹಾಗಿಲ್ಲ. ಮರಗಟ್ಟುವ ಹನಿ ಹಾಕಿ, ಪೊರೆಗೆ ಸಣ್ಣ ಗೀರು ಕೊಟ್ಟು, ಚಿಮುಟದಲ್ಲಿ ಹಿಡಿದು ಮೆಲ್ಲ ಎಳೆಯಬೇಕು. ತುಂಡಾಗಬಾರದು. ಬರ್ತದೆ, ಬರ್ತದೆ, ಬರ್ತಲೇ ಇರ್ತದೆ. ಹತ್ತು ಸೆಂಟಿಮೀಟರ್ ಇದ್ದದ್ದೂ ಉಂಟು. ಸಲೈನ್ ಬಟ್ಟಲಿಗೆ ಹಾಕಿದರೆ ಅಲ್ಲೂ ಹೊರಳ್ತದೆ. ರೋಗಿ ಮೊದಲು ಕೇಳುವುದು ಫೋಟೋ ತೆಗೀಬಹುದಾ ಅಂತ.

ಮೇಷ್ಟ್ರು: ಮನುಷ್ಯನ ಮೈಯಲ್ಲಿ ಅದಕ್ಕೆ ಮರಿ ಮಾಡಲಿಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಬಂದ ದಾರಿಗೆ ಸುಂಕವಿಲ್ಲ.

ಡಾಕ್ಟರು: ಆದರೂ ನನಗೆ ಹಾನಿಯದ್ದೇ ಪ್ರಶ್ನೆ ಸರ್. ಆ ಡಾರ್ವಿನ್ ವಿಷಯ ಏನು?

ಮೇಷ್ಟ್ರು: ದೋಣಿ ದಡಕ್ಕೆ ಎಳೆದಾಗ ಅಡಿಯಿಂದ ಕೆರೆದು ತೆಗೀತಾರಲ್ಲ, ಗಟ್ಟಿ ಚಿಪ್ಪಿನವು. ಬಾರ್ನಕಲ್. ಅವೂ ಸಿಗಡಿ ಏಡಿಗಳ ಬಳಗವೇ. ತಲೆ ಕೆಳಗೆ ಅಂಟಿಸಿಕೊಂಡು, ಕಾಲಲ್ಲಿ ನೀರು ಜಾಲಾಡಿ ಊಟ ಬಾಯಿಗೆ ತಳ್ಳಿಕೊಳ್ಳುವ ಜೀವಿಗಳು. ಡಾರ್ವಿನ್ ಬೀಗಲ್ ಹಡಗಿಂದ ಬಂದ ಮೇಲೆ ಎಂಟು ವರ್ಷ ಇವುಗಳ ಹಿಂದೆ ಬಿದ್ದಿದ್ದ. 1851ರಲ್ಲಿ ಬಂದ ಅವನ ಸಂಪುಟದಲ್ಲಿ ಅನೆಲಾಸ್ಮಾ ಅಂತ ಒಂದು ಕುಲ ಉಂಟು. ಹೆಸರಿಟ್ಟವನು ಅವನೇ. ಅನೆಲಾಸ್ಮಾ ಸ್ಕ್ವಾಲಿಕೋಲಾ, ಶಾರ್ಕ್ ಮೈಯಲ್ಲಿ ಬದುಕುವ ಬಾರ್ನಕಲ್. ಗುರು ಕಣ್ಣಿನದ್ದನ್ನು ವಿವರಿಸಿದ, ಶಿಷ್ಯ ಬೆನ್ನಿನದ್ದನ್ನು.

ಡಾಕ್ಟರು: ತಿಮಿಂಗಿಲದ ಮೈಮೇಲೂ ಬಾರ್ನಕಲ್ ಇರ್ತವಲ್ಲ. ಅದೇ ತರವಾ?

ಮೇಷ್ಟ್ರು: ತಿಮಿಂಗಿಲದ ಮೇಲಿನವು ಬರೀ ಸವಾರಿ ಮಾಡುವುದು. ಊಟ ನೀರಿಂದ. ಇದು ಬೇರೆ. ಇದರ ಮನೆ ಲ್ಯಾಂಟರ್ನ್ ಶಾರ್ಕ್, ಅದರಲ್ಲೂ ವೆಲ್ವೆಟ್ ಬೆಲ್ಲಿ ಅನ್ನುವ ಕಪ್ಪು ಹೊಟ್ಟೆಯ ಜಾತಿ. ಹೆಚ್ಚಿನವು ನಿನ್ನ ಮೊಳಕೈಯಷ್ಟು ಉದ್ದ. ನಾರ್ವೆಯ ಫ್ಯೋರ್ಡ್‌ಗಳ ಆಳದಲ್ಲಿ ಇವೆ. ಈ ಶಾರ್ಕ್‌ಗೆ ನಿಜವಾಗಿಯೂ ಬೆಳಕು ಉಂಟು ನೋಡು. ಹೊಟ್ಟೆಯ ತುಂಬ ಸಣ್ಣ ಸಣ್ಣ ದೀಪದ ಅಂಗಗಳು. ಮೇಲಿನಿಂದ ಇಳಿಯುವ ಮಂದ ಬೆಳಕಿಗೆ ಸಮನಾಗಿ ಹೊಟ್ಟೆ ಬೆಳಗುತ್ತದೆ, ಹಾಗಾಗಿ ಕೆಳಗಿನಿಂದ ನೋಡಿದರೆ ನೆರಳೇ ಕಾಣುವುದಿಲ್ಲ. ಅಷ್ಟು ಮಾಡಿ ಶತ್ರುವಿಂದ ತಪ್ಪಿಸಿಕೊಂಡ ಪ್ರಾಣಿಯ ಬೆನ್ನುರೆಕ್ಕೆಯ ಮುಳ್ಳಿನ ಬುಡದಲ್ಲಿ ಎರಡು ಕಪ್ಪುಗಂದು ಗಡ್ಡೆ. ಅನೆಲಾಸ್ಮಾ ಹೆಚ್ಚಾಗಿ ಜೋಡಿಯಾಗಿಯೇ ಇರ್ತದೆ. ಒಂದೊಂದೂ ಗಂಡೂ ಹೌದು ಹೆಣ್ಣೂ ಹೌದು, ಆದರೂ ಜೊತೆಗೊಬ್ಬರು ಬೇಕು.

ಡಾಕ್ಟರು: ಗಡ್ಡೆಯ ಕೆಳಗೆ?

ಮೇಷ್ಟ್ರು: ಬೇರು. ಕಾಂಡದಿಂದ ಕವಲು ಕವಲಾಗಿ ಶಾರ್ಕ್ ಮಾಂಸದೊಳಗೆ ಇಳಿದಿರ್ತದೆ. ಊಟ ಅಲ್ಲಿಂದಲೇ. ಚಿಪ್ಪು ಹೋಗಿದೆ. ಬಾಯಿ ಸಣ್ಣದಾಗಿದೆ, ಕರುಳು ಖಾಲಿ. ನೀರು ಜಾಲಾಡುವ ಕಾಲುಗಳು ಇನ್ನೂ ಇವೆ, ಆದರೆ ಕೂದಲಿಲ್ಲದ ಮೊಂಡು ಕಾಲು, ಏನನ್ನೂ ಹಿಡಿಯಲಾರವು. ಈ ಕಾಲುಗಳು ಊಟ ಹಿಡಿಯುವ ಹಾಗಿಲ್ಲ ಅಂತ ಡಾರ್ವಿನ್‌ಗೂ ಗೊತ್ತಾಗಿತ್ತು. ನೀನು ಕೇಳುವ ಮೊದಲೇ ಹಾನಿಯನ್ನೂ ಹೇಳಿಬಿಡ್ತೇನೆ. ಇದು ಹಿಡಿದ ಶಾರ್ಕ್‌ಗಳಲ್ಲಿ ಅಂಡಾಶಯ, ವೃಷಣ ಸರಿಯಾಗಿ ಬೆಳೆಯುವುದಿಲ್ಲ. ಕಣ್ಣಿನವಳು ಒಂದು ಅಂಗ ಕೆಡಿಸಿದರೆ ಇದು ವಂಶಕ್ಕೇ ಕೈ ಹಾಕ್ತದೆ.

ಡಾಕ್ಟರು: ಇದೂ ಎಲ್ಲಿಂದ ಬಂತು ಅಂತ ನಿಮ್ಮ ಪ್ರಶ್ನೆ ಇರಬೇಕು.

ಮೇಷ್ಟ್ರು: ಇದ್ದೇ ಇದೆ. ಬೆರ್ಗೆನ್ ವಿಶ್ವವಿದ್ಯಾಲಯದ ಡೇವಿಡ್ ರೀಸ್, ಹೆನ್ರಿಕ್ ಗ್ಲೆನರ್ ಮತ್ತು ಸಂಗಡಿಗರು ಇದರ ಡಿಎನ್‌ಎ ನೋಡಿ 2014ರಲ್ಲಿ ಉತ್ತರ ಕೊಟ್ಟರು. ತಿಮಿಂಗಿಲದ ಸವಾರರಿಗೆ ಹತ್ತಿರದ್ದೇನೋ ಅಂದರೆ, ಅಲ್ಲ. ಈಗ ಬದುಕಿರುವವರಲ್ಲಿ ಇದರ ಅತಿ ಹತ್ತಿರದ ನೆಂಟ ಕ್ಯಾಪಿಟ್ಯುಲಂ ಮಿಟೆಲ್ಲಾ. ಜಪಾನಿನಿಂದ ಆಗ್ನೇಯ ಏಷ್ಯಾದವರೆಗೆ, ಅಲೆ ಬಡಿಯುವ ಬಂಡೆಗಳ ಸಂದಿಯಲ್ಲಿ, ಬಿಸಿಲಿಗೆ ಒಣಗಿಕೊಂಡು ಬದುಕುವಂಥದ್ದು. ಬಂಡೆಯಲ್ಲಿ ಅದು, ಫ್ಯೋರ್ಡಿನ ಕತ್ತಲೆಯಲ್ಲಿ ಇದು. ನಡುವಿನವರು ಯಾರೂ ಈಗಿಲ್ಲ. ಅರ್ಧ ಬೇರು ಅರ್ಧ ಕಾಲು ಇರುವ ಹಂತದಲ್ಲೇ ಸಿಕ್ಕಿಬಿದ್ದ ಪರಾವಲಂಬಿ ಇದು ಅಂತ ನನಗನಿಸ್ತದೆ. ಹಳೆಯ ಕಸುಬಿನ ಸಲಕರಣೆ ಇನ್ನೂ ಎಸೆದಿಲ್ಲ.

ಡಾಕ್ಟರು: ಹೊರಗಿನದ್ದು ಸಾಕು. ಹೊಟ್ಟೆಯೊಳಗೆ?

ಮೇಷ್ಟ್ರು: ಹೊಟ್ಟೆಯೊಳಗೆ ಜಾತ್ರೆ. ಶಾರ್ಕ್ ಕರುಳು ಉದ್ದ ಇಲ್ಲ, ಆದರೆ ಒಳಗೋಡೆ ಮಡಿಕೆಯಾಗಿ ಸುರುಳಿ ತಿರುಗುತ್ತಾ ಇಳೀತದೆ. ಅದರ ಮಡಿಕೆಗಳಲ್ಲಿ ಲಾಡಿಹುಳುಗಳು. ಅವುಗಳಲ್ಲಿ ಒಂದು ಪಂಗಡಕ್ಕೆ ತಲೆಯಲ್ಲಿ ನಾಲ್ಕು ಬಳ್ಳಿತೋಳು, ಅದರ ತುಂಬ ಕೊಕ್ಕೆ. ನೀರಿನ ಒತ್ತಡದಿಂದ ಒಳಗಿನದ್ದನ್ನು ಹೊರಗೆ ಮಗುಚಿ ಕರುಳಿನ ಗೋಡೆಗೆ ಚುಚ್ಚಿ ನಿಲ್ಲುವುದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜನೀನ್ ಕೈರಾ ಅನ್ನುವವರು ಜೀವಮಾನ ಎಲ್ಲ ಇದಕ್ಕೇ ಕೊಟ್ಟಿದ್ದಾರೆ. ಒಂದೊಂದು ಶಾರ್ಕ್ ಜಾತಿಗೆ ಬಹುಮಟ್ಟಿಗೆ ಅದರದ್ದೇ ಹುಳುಗಳು, ಬೇರೆಯವರ ಮನೆಯಲ್ಲಿ ಸಿಗುವುದಿಲ್ಲ. ಸಂಬಂಧ ಎಷ್ಟು ಹಳತು ಗೊತ್ತಾ? ಬ್ರೆಜಿಲ್‌ನಲ್ಲಿ ಶಾರ್ಕ್ ಮಲ ಕಲ್ಲಾಗಿ ಸಿಕ್ಕಿತು, 27 ಕೋಟಿ ವರ್ಷ ಹಿಂದಿನದ್ದು. ಕೊಯ್ದು ನೋಡಿದರೆ ಅದರಲ್ಲಿ ಲಾಡಿಹುಳುವಿನ 93 ಮೊಟ್ಟೆಗಳ ಗೊಂಚಲು. 2013ರಲ್ಲಿ ಪ್ರಕಟವಾಯ್ತು. ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ.

ಡಾಕ್ಟರು: ನಾವು ಮಲ ಪರೀಕ್ಷೆಗೆ ಬರೆದುಕೊಟ್ಟರೆ ರೋಗಿಗಳು ಡಬ್ಬಿ ತರಲಿಕ್ಕೇ ನಾಚುತ್ತಾರೆ.

ಮೇಷ್ಟ್ರು: ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೆಗಾಮೌತ್ ಪ್ರಕರಣ. 1976ರ ನವೆಂಬರ್ 15. ಹವಾಯಿಯ ಓಹು ದ್ವೀಪದ ಹತ್ತಿರ ಅಮೆರಿಕದ ನೌಕಾಪಡೆಯ ಒಂದು ಹಡಗು. ಹಡಗು ತೇಲಿ ಹೋಗದ ಹಾಗೆ ನೀರೊಳಗೆ ಪ್ಯಾರಾಚೂಟಿನಂಥದ್ದನ್ನು ಬಿಡ್ತಾರೆ. ಮೇಲೆ ಎಳೆದಾಗ ಅದರಲ್ಲಿ ನಾಲ್ಕೂವರೆ ಮೀಟರಿನ ಶಾರ್ಕ್ ಸಿಕ್ಕಿಕೊಂಡಿತ್ತು, ಮುಕ್ಕಾಲು ಟನ್ ತೂಕ. ದೊಡ್ಡ ಬಾಯಿ, ಸಣ್ಣ ಹಲ್ಲು. ಪ್ಲವಕಗಳನ್ನು ಸೋಸಿ ತಿನ್ನುವ ಜಾತಿ. ಅಂಥದ್ದೊಂದು ಉಂಟು ಅಂತಲೇ ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಶಾಸ್ತ್ರೀಯ ಹೆಸರು ಬರುವ ಹೊತ್ತಿಗೆ 1983 ಆಯಿತು. ಆದರೆ ಅದರ ಮೈಮೇಲಿದ್ದ ಕೋಪೆಪಾಡಿಗೆ 1978ರಲ್ಲೇ ಹೆಸರು ಆಗಿತ್ತು. ಕರುಳಿನ ಲಾಡಿಹುಳುವಿಗೆ 1982ರಲ್ಲಿ. ಅದಕ್ಕೊಂದು ಹೊಸ ಕುಟುಂಬವನ್ನೇ ಮಾಡಬೇಕಾಯ್ತು.

ಡಾಕ್ಟರು: ಮನೆ ಮಾಲೀಕನಿಗೆ ರೇಷನ್ ಕಾರ್ಡ್ ಇಲ್ಲ, ಬಾಡಿಗೆಯವರಿಗೆ ಆಗಿದೆ!

ಮೇಷ್ಟ್ರು: ಅಷ್ಟೇ ಅಲ್ಲ. ಲಾಡಿಹುಳು ಸುಮ್ಮನೆ ಬರುವುದಿಲ್ಲ. ಮೊಟ್ಟೆಯನ್ನು ಸಣ್ಣ ಸಿಗಡಿಯಂಥದ್ದು ತಿನ್ನಬೇಕು, ಎಷ್ಟೋ ಜಾತಿಗಳಲ್ಲಿ ಅದನ್ನು ಮೀನೋ ಬೊಂಡಾಸೋ ತಿನ್ನಬೇಕು, ಕೊನೆಗೆ ಶಾರ್ಕ್ ತಿನ್ನಬೇಕು. ಹಾಗಾಗಿ ಕರುಳಲ್ಲಿ ಯಾವ ಹುಳ ಉಂಟು ಅಂತ ನೋಡಿದರೆ ಶಾರ್ಕ್ ಏನನ್ನು, ಎಲ್ಲಿ ತಿಂದಿತ್ತು ಅನ್ನುವುದಕ್ಕೆ ಸುಳಿವು ಸಿಗ್ತದೆ. ಆಳ ಸಮುದ್ರದ ಶಾರ್ಕ್‌ಗಳ ಹಿಂದೆ ಕ್ಯಾಮೆರಾ ಹಿಡಿದು ಯಾರು ಹೋಗ್ತಾರೆ? ಹೊಟ್ಟೆಯಲ್ಲಿದ್ದ ಊಟ ಬಲೆಯಲ್ಲಿ ಒದ್ದಾಡುವಾಗ ವಾಂತಿಯಾಗಿ ಹೋಗಬಹುದು. ಹುಳ ಹೋಗುವುದಿಲ್ಲ.

ಡಾಕ್ಟರು: ಪರಾವಲಂಬಿ ಅಂದರೆ ಸಣ್ಣದು, ಆತಿಥೇಯ ಅಂದರೆ ದೊಡ್ಡದು, ಅಷ್ಟು ಮಟ್ಟಿಗಾದರೂ ನಿಯಮ ಉಂಟಲ್ಲ?

ಮೇಷ್ಟ್ರು: ಅದೂ ಗಟ್ಟಿ ಇಲ್ಲ. ಕುಕಿಕಟರ್ ಅಂತ ಅರ್ಧ ಮೀಟರ್ ಶಾರ್ಕ್ ಉಂಟು. ಹಗಲು ಆಳದಲ್ಲಿ, ರಾತ್ರಿ ಮೇಲೆ. ತಿಮಿಂಗಿಲ, ಟ್ಯೂನಾ, ಬೇರೆ ಶಾರ್ಕ್, ಯಾರ ಮೈಗಾದರೂ ತುಟಿ ಅಂಟಿಸಿ, ಒಂದು ತಿರುವು ತಿರುಗಿ, ದುಂಡಗೆ ಒಂದು ತುಂಡು ಮಾಂಸ ಕಿತ್ತುಕೊಂಡು ಹೋಗ್ತದೆ. ಹಾಗೆ ಕಚ್ಚಿದವರನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಸೋನಾರ್ ಮೇಲಿನ ರಬ್ಬರನ್ನೂ ಕಚ್ಚಿ ಕಿತ್ತಿತ್ತು. ಇದು ಬೇಟೆಗಾರನೋ ಪರಾವಲಂಬಿಯೋ, ಅವರವರ ಭಾವಕ್ಕೆ. ಇನ್ನೊಂದು ಕೇಳು. 1992ರ ಜೂನ್, ನ್ಯೂಯಾರ್ಕ್ ರಾಜ್ಯದ ಮೊಂಟಾಕ್ ಬಂದರು, 395 ಕಿಲೋ ತೂಗುವ ಮೇಕೊ ಶಾರ್ಕ್. ಕೈರಾ ಮತ್ತು ಸಂಗಡಿಗರು ಕೊಯ್ದು ನೋಡಿದರೆ ಹೃದಯದೊಳಗೆ ಎರಡು ಹಾವುಮೀನು. ಆಳ ಸಮುದ್ರದ ಮೊಂಡುಮೂತಿಯ ಜಾತಿ. ಒಂದೊಂದೂ ಗೇಣುದ್ದ. ಅವುಗಳ ಹೊಟ್ಟೆಯಲ್ಲಿ ರಕ್ತ.

ಡಾಕ್ಟರು: ಹೃದಯದೊಳಗಾ! ಯಾವ ದಾರಿಯಲ್ಲಿ ಹೋದವು?

ಮೇಷ್ಟ್ರು: ಗಾಳಕ್ಕೆ ಸಿಕ್ಕಿ ತಳದಲ್ಲಿ ಸಾಯ್ತಾ ಇದ್ದಾಗ ಕಿವಿರಿನ ಕಡೆಯಿಂದ ಕೊರೆದು ರಕ್ತನಾಳ ಹಿಡಿದು ಬಂದಿರಬೇಕು ಅಂತ ಅವರ ಅಂದಾಜು. ಸಾಮಾನ್ಯವಾಗಿ ಹೆಣ ತಿನ್ನುವ ಮೀನು ಅದು. ಪೂರ್ತಿ ಹೆಣ ಆಗುವವರೆಗೆ ಕಾಯಲಿಲ್ಲ, ಅಷ್ಟೇ.

ಡಾಕ್ಟರು: ನಮ್ಮ ಕಡೆಯ ಶಾರ್ಕ್‌ಗಳಲ್ಲಿ ಇಂಥದ್ದನ್ನು ಹುಡುಕುವವರು ಇದ್ದಾರಾ? ಬಂದರಿನಲ್ಲಿ ತಾಟೆ ಅನ್ನುವ ಶಾರ್ಕ್ ರಾಶಿ ಬಿದ್ದಿರುವುದನ್ನು ನೋಡಿದ್ದೇನೆ. ಅದು ಆಳದ್ದಲ್ಲ ಅನಿಸ್ತದೆ.

ಮೇಷ್ಟ್ರು: ಹುಡುಕಿದ್ದು ಹೆಚ್ಚಾಗಿ ದಡದ ಹತ್ತಿರದವುಗಳಲ್ಲಿ. ಆಳದ್ದು ಅಂದರೆ ಕೊಚ್ಚಿ. ಅಲ್ಲಿಗೆ ಅರಬ್ಬಿ ಸಮುದ್ರದ ಆಳದಿಂದ ಗಲ್ಪರ್ ಶಾರ್ಕ್‌ಗಳು ಬಂದವು, ಯಕೃತ್ತಿನ ಎಣ್ಣೆಗೋಸ್ಕರ. ಎಣ್ಣೆಯಲ್ಲಿ ಸ್ಕ್ವಾಲೀನ್ ಉಂಟು; ಮುಖಕ್ಕೆ ಹಚ್ಚುವ ಕ್ರೀಮಿಗೂ ಬೇಕು, ಔಷಧಕ್ಕೂ ಬೇಕು. ಒಂದು ಹೆರಿಗೆಗೆ ಕೆಲವೇ ಮರಿ ಹಾಕುವ ಪ್ರಾಣಿ. ಹಿಡಿಯುವ ವೇಗಕ್ಕೆ ಹೆರುವ ವೇಗ ಸಾಲುವುದಿಲ್ಲ. ಅದು ಖಾಲಿಯಾದರೆ ಅದರ ಕರುಳಿನ ಹುಳುಗಳೂ ಖಾಲಿ. ಎಷ್ಟೋ ಹುಳುಗಳಿಗೆ ಹೆಸರೂ ಇರುವುದಿಲ್ಲ.

ಡಾಕ್ಟರು: ಸರ್, ನಾನು ಹುಳ ಸಾಯಿಸುವ ಅಲ್ಬೆಂಡಜೋಲ್ ಚೀಟಿ ಬರೆಯುವವಳು. ಶಾರ್ಕ್ ಹೋದರೆ ಬೇಸರ, ಒಪ್ಪಿದೆ. ಲಾಡಿಹುಳು ಹೋಯಿತು ಅಂತ ನನಗೆ ಬೇಸರ ಬರಿಸಬೇಡಿ. ಶಾರ್ಕನ್ನು ಉಳಿಸಿದರೆ ಹುಳ ತಾನಾಗಿ ಉಳೀತದೆ.

ಮೇಷ್ಟ್ರು: ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳನ್ನು 1980ರ ದಶಕದಲ್ಲಿ ಹಿಡಿದು ಸಾಕಿ ಉಳಿಸಿದರು. ಒಳ್ಳೇ ಕೆಲಸ. ಹಿಡಿದ ಕೂಡಲೇ ಹೇನಿನ ಔಷಧ ಹಾಕಿದರು. ಆ ಹಕ್ಕಿಯ ಮೇಲಷ್ಟೇ ಇದ್ದ ಒಂದು ಜಾತಿಯ ಹೇನು ಮತ್ತೆ ಕಾಣಲಿಲ್ಲ. ಅಸ್ಸಾಮಿನ ಕುಬ್ಜ ಹಂದಿ ಉಂಟಲ್ಲ, ಅದರ ಹೇನು ಮಾತ್ರ ಅಳಿವಿನಂಚಿನ ಕೆಂಪು ಪಟ್ಟಿಗೆ ಸೇರಿದೆ. ಅಂಥ ಭಾಗ್ಯ ಎಷ್ಟು ಹೇನಿಗೆ?

ಡಾಕ್ಟರು: ಹಾಗಾದರೆ ಪಶುವೈದ್ಯರು ಔಷಧ ಹಾಕಬಾರದಾ? ಬಡಕಲು ಹದ್ದಿನ ಮೇಲೆ ಹೇನು ಬಿಟ್ಟುಕೊಂಡು ಕೂತುಕೊಳ್ಳಬೇಕಾ? ನಾನಾದರೆ ಹಾಕ್ತೇನೆ.

ಮೇಷ್ಟ್ರು: ಹಾಕು. ಹಾಕುವ ಮೊದಲು ನಾಲ್ಕನ್ನು ಹೆಕ್ಕಿ ಬಾಟಲಿಗೆ ಹಾಕು. ಒಂದು ಬಾಟಲಿ ಫಾರ್ಮಲಿನ್, ಆಕಾರ ನೋಡಲಿಕ್ಕೆ. ಇನ್ನೊಂದು ಆಲ್ಕೋಹಾಲ್, ಡಿಎನ್‌ಎಗೆ. ಶಾರ್ಕ್ ಕೊಯ್ಯುವವರೂ ಕರುಳನ್ನು ಕಾಗೆಗೆ ಎಸೆಯುವ ಮೊದಲು ಅಷ್ಟು ಮಾಡಿದರೆ ಆಯ್ತು. ನೀನು ರೋಗಿಯ ಕಣ್ಣಿಂದ ತೆಗೆದ ಹುಳ ಎಲ್ಲಿಗೆ ಹೋಗ್ತದೆ?

ಡಾಕ್ಟರು: ಮೈಕ್ರೋಬಯಾಲಜಿಯವರಿಗೆ. ಹೆಸರು ಬರೆದು ರಿಪೋರ್ಟ್ ಕಳಿಸ್ತಾರೆ.

ಮೇಷ್ಟ್ರು: ಆಮೇಲೆ?

ಡಾಕ್ಟರು: ಆಮೇಲೆ ಏನಾಗ್ತದೆ ಅಂತ ನಾನು ಕೇಳಿದ್ದೇ ಇಲ್ಲ.

ಮೇಷ್ಟ್ರು: ಸೋಮವಾರ ಡ್ಯೂಟಿ ಉಂಟಲ್ಲ, ಕೇಳಿಕೊಂಡು ಬಾ.